ಟರ್ಬೊಪ್ರಾಪ್ ಕಾಕ್‌ಪಿಟ್: ಮುಳ್ಳುಗಳನ್ನೂ ದೀಪಗಳನ್ನೂ ಓದುವ ಕ್ರಮ

ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಹಾರಾಟ ಕಲಿತು ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲರ್ ತಿರುಗುವ ವಿಮಾನ) ಕಡೆಗೆ ಹೊರಟವರು, ಮನೆಯ ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ನಡೆಸುವವರು, ವಿಮಾನ ನಿರ್ವಹಣೆಯ ತರಬೇತಿಗೆ ಸೇರಿದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಟಾರ್ಕ್ (ತಿರುಚುಬಲ), ಐಟಿಟಿ (ಎಂಜಿನ್ನಿನೊಳಗಿನ ಉಷ್ಣತೆ), ಎನ್‌ಜಿ (ಎಂಜಿನ್ನಿನ ಒಳಭಾಗದ ವೇಗ) ಎಂಬ ಮುಳ್ಳುಗಳಲ್ಲಿ ಯಾವುದನ್ನು ಮೊದಲು ನೋಡಬೇಕು? ಹಳದಿ ದೀಪ ಹೊತ್ತಿಕೊಂಡರೆ ತಕ್ಷಣ ಇಳಿಯಬೇಕೇ? ವಿಮಾನ ನೆಲದ ಮೇಲೆ ನಿಂತಿರುವಾಗಲೇ ಎತ್ತರದ ಮಾಪಕ 3,000 ಅಡಿ ತೋರಿಸುತ್ತಿದ್ದರೆ ಅದು ಕೆಟ್ಟಿದೆಯೇ? ಇವಕ್ಕೆಲ್ಲ ಒಟ್ಟಿಗೆ ಉತ್ತರ ಕೊಡುವ ಪ್ರಯತ್ನ ಈ ಲೇಖನ.

ಉದಾಹರಣೆಗೆ ಒಂದೇ ವಿಮಾನವನ್ನು ಹಿಡಿದುಕೊಳ್ಳೋಣ. ಅದು ಸೆಸ್ನಾ 208ಬಿ ಗ್ರ್ಯಾಂಡ್ ಕ್ಯಾರವಾನ್, ಅದರಲ್ಲೂ 675 ಅಶ್ವಶಕ್ತಿಯ ಪಿಟಿ6ಎ-114ಎ ಎಂಜಿನ್ ಇರುವ, ಮುಳ್ಳಿನ ಡಯಲ್‌ಗಳುಳ್ಳ ಹಳೆಯ ಮಾದರಿ. ಇದನ್ನು ಆರಿಸಿಕೊಳ್ಳಲು ಕಾರಣವಿದೆ. ಎಂಜಿನ್ ಒಂದೇ, ಕ್ಯಾಬಿನ್ನಿಗೆ ಒತ್ತಡ ತುಂಬುವ ವ್ಯವಸ್ಥೆಯಿಲ್ಲ, ಚಕ್ರಗಳು ಮಡಚಿಕೊಳ್ಳುವುದಿಲ್ಲ. ಆದ್ದರಿಂದ ಗಮನವನ್ನೆಲ್ಲ ಮೂಲ ಉಪಕರಣಗಳ ಮೇಲೆಯೇ ಇಡಬಹುದು. ಇಲ್ಲಿ ಕೊಟ್ಟಿರುವ ಅಂಕಿಗಳು ಈ ಎಂಜಿನ್ನಿಗೆ ಮಾತ್ರ ಸಂಬಂಧಿಸಿದವು. ನಿಜವಾದ ವಿಮಾನದಲ್ಲಿ ಕೂರುವವರು ಆ ವಿಮಾನದ ಜೊತೆಗೇ ಇರುವ ಕೈಪಿಡಿಯ ಅಂಕಿಗಳನ್ನಷ್ಟೇ ನಂಬಬೇಕು.

ಓದುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಎಚ್ಚರಿಕೆ ದೀಪವು ಎಲ್ಲಿ ನೋಡಬೇಕೆಂದು ಮಾತ್ರ ಹೇಳುತ್ತದೆ. ಅಲ್ಲಿ ನಿಜಕ್ಕೂ ಏನಾಗಿದೆ ಎಂಬುದು ಗೊತ್ತಾಗುವುದು ಆ ವ್ಯವಸ್ಥೆಯ ಮುಳ್ಳನ್ನು ಮತ್ತೊಂದು ಮುಳ್ಳಿನೊಡನೆ ತಾಳೆ ನೋಡಿದಾಗಲೇ. ಮುಂದಿನ ಹಂತಗಳೆಲ್ಲ ಈ ತಾಳೆ ನೋಡುವ ಅಭ್ಯಾಸವನ್ನೇ ಕಲಿಸುತ್ತವೆ.

ಬೇಕಾಗುವ ಸಾಮಗ್ರಿ

ವಿಮಾನದ ಪೈಲಟ್ ಕೈಪಿಡಿ ಬೇಕು. ಅದರ ಎರಡನೆಯ ವಿಭಾಗದಲ್ಲಿ ಮಿತಿಗಳು, ಮೂರನೆಯದರಲ್ಲಿ ತುರ್ತು ಕ್ರಮಗಳು, ನಾಲ್ಕನೆಯದರಲ್ಲಿ ಸಾಮಾನ್ಯ ಕ್ರಮಗಳು, ಐದನೆಯದರಲ್ಲಿ ಸಾಮರ್ಥ್ಯದ ಕೋಷ್ಟಕಗಳು, ಏಳನೆಯದರಲ್ಲಿ ವ್ಯವಸ್ಥೆಗಳ ವಿವರಣೆ ಇರುತ್ತವೆ. ಹೆಚ್ಚಿನವರು ಮೂರನೆಯದನ್ನು ಬಾಯಿಪಾಠ ಮಾಡಿ ಏಳನೆಯದನ್ನು ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಓದಬೇಕಾದದ್ದು ಏಳನೆಯ ವಿಭಾಗವೇ. ಅದರ ಜೊತೆಗೆ ಉಪಕರಣ ಫಲಕದ ದೊಡ್ಡದೊಂದು ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು, ಕಣ್ಣುಮುಚ್ಚಿ ಪ್ರತಿಯೊಂದು ಡಯಲ್ಲನ್ನೂ ಬೆರಳಿಟ್ಟು ತೋರಿಸುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹಂತ 1: ಫಲಕವನ್ನು ಭಾಗ ಮಾಡಿ ನೋಡಿ

ಎಡ ಆಸನದಲ್ಲಿ ಕುಳಿತವರ ಎದುರಿಗೇ ಹಾರಾಟದ ಉಪಕರಣಗಳಿರುತ್ತವೆ. ವಿಮಾನ ಎಷ್ಟು ವೇಗದಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಭಂಗಿಯಲ್ಲಿ, ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದನ್ನು ಅವು ಹೇಳುತ್ತವೆ. ಅವುಗಳ ಬಲಕ್ಕೆ, ಫಲಕದ ನಡುಭಾಗದಲ್ಲಿ, ಎಂಜಿನ್ನಿನ ಡಯಲ್‌ಗಳು ಸಾಲಾಗಿರುತ್ತವೆ. ಫಲಕದ ಮೇಲಂಚಿನಲ್ಲಿ ಪುಟ್ಟ ಚೌಕಗಳ ದೀಪಫಲಕವಿದೆ. ಪ್ರತಿ ಚೌಕದ ಮೇಲೂ ಎರಡು ಮೂರು ಪದಗಳ ಒಂದೊಂದು ಸಂದೇಶ ಕೊರೆದಿರುತ್ತದೆ. ಎಡಗೋಡೆಯ ಮೇಲೆ ವಿದ್ಯುತ್ ಸ್ವಿಚ್ಚುಗಳು ಮತ್ತು ಸರ್ಕ್ಯೂಟ್ ಬ್ರೇಕರ್‌ಗಳು, ತಲೆಯ ಮೇಲ್ಭಾಗದಲ್ಲಿ ಇಂಧನ ಟ್ಯಾಂಕ್‌ಗಳ ಆಯ್ಕೆಯ ಹಿಡಿಗಳು. ನಡುವಿನ ಪೀಠದಲ್ಲಿ ಎಡದಿಂದ ಬಲಕ್ಕೆ ತುರ್ತು ಪವರ್ ಲೀವರ್, ಪವರ್ ಲೀವರ್, ಪ್ರೊಪೆಲರ್ ಲೀವರ್ ಮತ್ತು ಇಂಧನ ಕಂಡಿಷನ್ ಲೀವರ್ ಇರುತ್ತವೆ.

ಹಂತ 2: ಹಾರಾಟದ ಆರು ಉಪಕರಣಗಳು

ಮೇಲಿನ ಸಾಲಿನಲ್ಲಿ ವೇಗಸೂಚಕ, ಕೃತಕ ದಿಗಂತ, ಆಲ್ಟಿಮೀಟರ್. ಕೆಳಸಾಲಿನಲ್ಲಿ ತಿರುವಿನ ಸೂಚಕ, ದಿಕ್ಕಿನ ಸೂಚಕ, ಏರಿಳಿತದ ಸೂಚಕ. ಪಿಸ್ಟನ್ ವಿಮಾನದಿಂದ ಬಂದವರಿಗೆ ಇವು ಪರಿಚಿತವಾದ್ದರಿಂದ ಭಿನ್ನವಾದದ್ದನ್ನೂ, ಜನ ಎಡವುವ ಜಾಗಗಳನ್ನೂ ಮಾತ್ರ ಹೇಳುತ್ತೇನೆ.

ವೇಗಸೂಚಕದಲ್ಲಿ ಸೆಸ್ನಾ 172ರಲ್ಲಿ ಕಾಣುವಂಥ ಹಳದಿ ಪಟ್ಟಿ ಇಲ್ಲಿ ಇರುವುದಿಲ್ಲ. ಹಸಿರು ಪಟ್ಟಿ ನೇರವಾಗಿ ಕೆಂಪು ಗೆರೆಗೆ ಬಂದು ಮುಟ್ಟುತ್ತದೆ, ಕ್ಯಾರವಾನ್‌ನಲ್ಲಿ ಅದು 175 ನಾಟ್‌ನಲ್ಲಿದೆ. ಇದು ಗರಿಷ್ಠ ಕಾರ್ಯಾಚರಣೆಯ ವೇಗ. ಗಾಳಿ ಶಾಂತವಾಗಿದ್ದರೆ ಸ್ವಲ್ಪ ದಾಟಬಹುದು ಎಂಬ ರಿಯಾಯಿತಿ ಟರ್ಬೈನ್ ವಿಮಾನಗಳಲ್ಲಿ ಇಲ್ಲ. ಮೂತಿ ತಗ್ಗಿಸಿದೊಡನೆ ವೇಗ ಸರಸರನೆ ಏರುವುದರಿಂದ, ಇಳಿಯುವಾಗ ಪವರ್ ಕಡಿಮೆ ಮಾಡುವುದನ್ನು ಮರೆತವರು ಮಿತಿವೇಗದ ಹಾರ್ನ್ ಕೇಳಿಯೇ ಎಚ್ಚೆತ್ತುಕೊಳ್ಳುತ್ತಾರೆ.

ಆಲ್ಟಿಮೀಟರ್ ಎಂದರೆ ಅಡಿಗಳಲ್ಲಿ ಗುರುತು ಹಾಕಿದ ಒತ್ತಡಮಾಪಕ. ಅದರ ಪುಟ್ಟ ಕಿಟಕಿಯಲ್ಲಿ ಯಾವ ಒತ್ತಡವನ್ನು ಕೂರಿಸಿದ್ದೀರೋ ಆ ಮಟ್ಟದಿಂದ ಎಷ್ಟು ಮೇಲಿದ್ದೀರಿ ಎಂಬುದನ್ನು ಅದು ತೋರಿಸುತ್ತದೆ. ಕ್ಯೂಎನ್‌ಎಚ್ ಎಂಬುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಜಕ್ಕೂರಿನಲ್ಲಾಗಲಿ ದೇವನಹಳ್ಳಿಯಲ್ಲಾಗಲಿ ಕ್ಯೂಎನ್‌ಎಚ್ ಕೂರಿಸಿದ ಆಲ್ಟಿಮೀಟರ್ ನೆಲದ ಮೇಲೆಯೇ ಸುಮಾರು 3,000 ಅಡಿ ತೋರಿಸಬೇಕು, ಏಕೆಂದರೆ ಬೆಂಗಳೂರು ಇರುವುದೇ ಆ ಎತ್ತರದಲ್ಲಿ. ಅಲ್ಲಿ ಸೊನ್ನೆ ತೋರಿಸಿದರೆ ಆಗ ಅನುಮಾನಪಡಿ. ಕಿಟಕಿಯ ಅಂಕಿಯಲ್ಲಿ ಒಂದು ಹೆಕ್ಟೋಪ್ಯಾಸ್ಕಲ್ ತಪ್ಪಿದರೆ ಎತ್ತರದಲ್ಲಿ ಹೆಚ್ಚುಕಡಿಮೆ 30 ಅಡಿ ತಪ್ಪುತ್ತದೆ. 1013ರ ಬದಲು 1003 ಎಂದು ತಿರುಗಿಸಿಬಿಟ್ಟರೆ ಸುಮಾರು 300 ಅಡಿಯ ವ್ಯತ್ಯಾಸವಾಯಿತು. ಮೋಡದೊಳಗಿಂದ ರನ್‌ವೇ ಕಡೆಗೆ ಇಳಿಯುವವರಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ವೇಗಸೂಚಕ, ಆಲ್ಟಿಮೀಟರ್, ಏರಿಳಿತದ ಸೂಚಕ ಈ ಮೂರೂ ಉಸಿರಾಡುವುದು ಗಾಳಿಯ ಕೊಳವೆಗಳಿಂದ. ಎದುರುಗಾಳಿಯ ಒತ್ತಡವನ್ನು ಹಿಡಿಯುವ ಮುಂಚಾಚಿದ ಕೊಳವೆಗೆ ಪಿಟೋ ಎಂದೂ, ಸುತ್ತಲಿನ ಸ್ಥಿರ ಒತ್ತಡವನ್ನು ಹಿಡಿಯುವ ಸಣ್ಣ ರಂಧ್ರಗಳಿಗೆ ಸ್ಟ್ಯಾಟಿಕ್ ರಂಧ್ರಗಳೆಂದೂ ಹೆಸರು. ಇವು ಕಟ್ಟಿಕೊಂಡಾಗ ಮುಳ್ಳುಗಳು ಸುಳ್ಳು ಹೇಳುವುದಕ್ಕೂ ಒಂದು ಕ್ರಮವಿದೆ. ಸ್ಟ್ಯಾಟಿಕ್ ರಂಧ್ರ ಮುಚ್ಚಿದರೆ ಆಲ್ಟಿಮೀಟರ್ ಇದ್ದಲ್ಲೇ ನಿಲ್ಲುತ್ತದೆ, ಏರಿಳಿತದ ಸೂಚಕ ಸೊನ್ನೆಗೆ ಬರುತ್ತದೆ, ವೇಗಸೂಚಕವು ಏರುವಾಗ ನಿಜಕ್ಕಿಂತ ಕಡಿಮೆಯನ್ನೂ ಇಳಿಯುವಾಗ ನಿಜಕ್ಕಿಂತ ಹೆಚ್ಚನ್ನೂ ತೋರಿಸುತ್ತದೆ. ಪಿಟೋ ಕೊಳವೆಯ ಬಾಯಿ ಮತ್ತು ಅದರ ನೀರು ಇಳಿಯುವ ತೂತು ಎರಡೂ ಹಿಮದಿಂದ ಮುಚ್ಚಿದರೆ ವೇಗಸೂಚಕವು ಆಲ್ಟಿಮೀಟರ್‌ನಂತೆ ವರ್ತಿಸತೊಡಗಿ, ವಿಮಾನ ಮೇಲೇರಿದಷ್ಟೂ ಹೆಚ್ಚು ವೇಗ ತೋರಿಸುತ್ತದೆ. ಆಗ ವೇಗ ಹೆಚ್ಚಾಯಿತೆಂದು ಮೂತಿ ಎತ್ತುತ್ತ ಹೋದರೆ ಸ್ಟಾಲ್ ಆಗುವುದು, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿಯುವುದು, ಖಂಡಿತ.

1996ರ ಅಕ್ಟೋಬರ್ 2ರಂದು ಪೆರು ದೇಶದ ಕರಾವಳಿಯಾಚೆ ಏರೋಪೆರು ಸಂಸ್ಥೆಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 70 ಮಂದಿ ಸತ್ತದ್ದು, ತೊಳೆಯುವಾಗ ಸ್ಟ್ಯಾಟಿಕ್ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯದೆ ಬಿಟ್ಟದ್ದರಿಂದ. ಅದು ದೊಡ್ಡ ಜೆಟ್ ಆಗಿದ್ದರೂ ರಂಧ್ರ ಅದೇ ರಂಧ್ರ. ಹಾರುವ ಮುನ್ನ ವಿಮಾನವನ್ನು ಸುತ್ತಿ ನೋಡುವಾಗ ಇವನ್ನು ಕಣ್ಣಿಂದಷ್ಟೇ ನೋಡಿ ಮುಂದೆ ಹೋಗಬೇಡಿ, ಹತ್ತಿರ ಹೋಗಿ ಬಗ್ಗಿ ನೋಡಿ. ಹಾರಾಟದಲ್ಲಿ ಅನುಮಾನ ಬಂದರೆ ಕಾಕ್‌ಪಿಟ್ಟಿನಲ್ಲಿರುವ ಬದಲಿ ಸ್ಟ್ಯಾಟಿಕ್ ಕವಾಟವನ್ನು ತೆರೆಯಿರಿ, ಪಿಟೋ ಹೀಟರ್ ಹಾಕಿ. ನಂತರ ಗೊತ್ತಿರುವ ಭಂಗಿ ಮತ್ತು ಗೊತ್ತಿರುವ ಟಾರ್ಕ್‌ನಲ್ಲಿ ವಿಮಾನವನ್ನು ಸ್ಥಿರವಾಗಿಡಿ. ಕೃತಕ ದಿಗಂತ ಮತ್ತು ಎಂಜಿನ್ನಿನ ಮುಳ್ಳುಗಳಿಗೆ ಈ ಕೊಳವೆಗಳ ಹಂಗಿಲ್ಲದಿರುವುದರಿಂದ ಅವುಗಳ ಸಾಕ್ಷಿ ನಿಮಗೆ ಉಳಿದೇ ಇರುತ್ತದೆ.

ಗಿರಕಿ ಹೊಡೆಯುವ ಜೈರೋಗಳಿಂದ ನಡೆಯುವ ಉಪಕರಣಗಳಿಗೆ ಹಳೆಯ ಕ್ಯಾರವಾನ್‌ನಲ್ಲಿ ಹೀರುಗಾಳಿ ಬೇಕು, ಅದನ್ನು ಉಂಟುಮಾಡುವುದು ಎಂಜಿನ್ನಿನಿಂದ ಕದ್ದು ತಂದ ಗಾಳಿ. ‘ವ್ಯಾಕ್ಯೂಮ್ ಲೋ’ ಎಂಬ ದೀಪ ಹೊತ್ತಿದರೆ ಕೃತಕ ದಿಗಂತ ನಿಧಾನವಾಗಿ ವಾಲತೊಡಗಬಹುದು. ಥಟ್ಟನೆ ಮಗುಚಿದರೆ ಯಾರಿಗಾದರೂ ತಿಳಿಯುತ್ತದೆ. ಅಪಾಯವಿರುವುದು ಅದು ನಿಧಾನವಾಗಿ ವಾಲುವುದರಲ್ಲಿ. ಹಾಗಾಗಿ ಅದನ್ನು ತಿರುವಿನ ಸೂಚಕದೊಡನೆ ತಾಳೆ ನೋಡುತ್ತಿರಿ.

ಹಂತ 3: ಎಂಜಿನ್ನಿನ ಮುಳ್ಳುಗಳು

ಗೊಂದಲ ಹೆಚ್ಚಿರುವುದು ಇಲ್ಲಿ. ಅದು ಬಗೆಹರಿಯಬೇಕಾದರೆ ಪಿಟಿ6 ಎಂಜಿನ್ನಿನ ಒಳಗಿನ ಏರ್ಪಾಟನ್ನು ಒಮ್ಮೆ ಅರ್ಥಮಾಡಿಕೊಳ್ಳಬೇಕು. ಎಂಜಿನ್ನಿನೊಳಗೆ ಎರಡು ಪ್ರತ್ಯೇಕ ತಿರುಗುವ ಭಾಗಗಳಿವೆ. ಮೊದಲನೆಯದು ಗಾಳಿಯನ್ನು ಅದುಮುವ ಕಂಪ್ರೆಸರ್ ಮತ್ತು ಅದನ್ನು ತಿರುಗಿಸುವ ಟರ್ಬೈನ್, ಇವೆರಡನ್ನೂ ಸೇರಿಸಿ ಗ್ಯಾಸ್ ಜನರೇಟರ್ ಎನ್ನುತ್ತಾರೆ. ಎರಡನೆಯದು ಬಿಸಿ ಅನಿಲ ಹೊರಹೋಗುವ ದಾರಿಯಲ್ಲಿ ಕುಳಿತ ಪವರ್ ಟರ್ಬೈನ್. ಗೇರ್‌ಗಳ ಮೂಲಕ ಪ್ರೊಪೆಲರನ್ನು ತಿರುಗಿಸುವುದು ಇದು. ಇವೆರಡಕ್ಕೂ ನಡುವೆ ದಂಡದ ಜೋಡಣೆಯಿಲ್ಲ, ಅನಿಲ ಮಾತ್ರ. ಜಾತ್ರೆಯಲ್ಲಿ ಕೊಂಡ ಗಿರಗಿಟ್ಲೆಯನ್ನು ತಿರುಗುವ ಫ್ಯಾನಿನ ಮುಂದೆ ಹಿಡಿದಂತೆ ಇದು. ಆದ್ದರಿಂದಲೇ ಇಲ್ಲಿ ಎರಡು ಬೇರೆ ಬೇರೆ ವೇಗಮಾಪಕಗಳು ಬೇಕಾಗುತ್ತವೆ.

ಎನ್‌ಜಿ ಎಂಬುದು ಗ್ಯಾಸ್ ಜನರೇಟರ್‌ನ ವೇಗ, ಶೇಕಡಾ ಲೆಕ್ಕದಲ್ಲಿ. ಶೇ 100 ಎಂದರೆ ನಿಮಿಷಕ್ಕೆ ಸುಮಾರು 37,500 ಸುತ್ತು. ಮಿತಿ ಶೇ 101.6. ಪ್ರೊಪೆಲರ್ ವೇಗದ ಮುಳ್ಳು ನೇರವಾಗಿ ಸುತ್ತುಗಳನ್ನೇ ತೋರಿಸುತ್ತದೆ, ಮಿತಿ 1,900. ಟಾರ್ಕ್ ಎಂದರೆ ಪ್ರೊಪೆಲರನ್ನು ತಿರುಗಿಸಲು ಎಂಜಿನ್ ಹಾಕುತ್ತಿರುವ ತಿರುಚುಬಲ. 1,900 ಸುತ್ತಿನಲ್ಲಿ ಅದರ ಮಿತಿ 1,865 ಫುಟ್-ಪೌಂಡ್. ಐಟಿಟಿ ಎಂದರೆ ಎರಡು ಟರ್ಬೈನ್‌ಗಳ ನಡುವಣ ಅನಿಲದ ಉಷ್ಣತೆ. ಟೇಕಾಫ್‌ನಲ್ಲಿ 805 ಡಿಗ್ರಿ ಸೆಲ್ಸಿಯಸ್, ಏರುವಾಗ 765, ಸಮತಲ ಹಾರಾಟದಲ್ಲಿ 740, ಐಡಲ್‌ನಲ್ಲಿ (ಎಂಜಿನ್ ಕನಿಷ್ಠ ಪವರ್‌ನಲ್ಲಿ ತಿರುಗುತ್ತಿರುವಾಗ) 685 ಇದರ ಮಿತಿಗಳು. ಆಯಿಲ್ ಒತ್ತಡ ಸಾಮಾನ್ಯವಾಗಿ 85ರಿಂದ 105 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್), ಐಡಲ್‌ನಲ್ಲಿ ಕನಿಷ್ಠ 40. ಇಂಧನದ ಹರಿವನ್ನು ಗಂಟೆಗೆ ಇಷ್ಟು ಪೌಂಡ್ ಎಂದು ಇನ್ನೊಂದು ಮುಳ್ಳು ತೋರಿಸುತ್ತದೆ.

ಟಾರ್ಕ್ ಮುಳ್ಳನ್ನು ಅಶ್ವಶಕ್ತಿ ಎಂದುಕೊಳ್ಳುವುದು ಬಹುಸಾಮಾನ್ಯ ತಪ್ಪು. ಟಾರ್ಕನ್ನು ಪ್ರೊಪೆಲರ್ ಸುತ್ತಿನಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. 1,865ನ್ನು 1,900ರಿಂದ ಗುಣಿಸಿ ಭಾಗಿಸಿ ನೋಡಿ, 675 ಬರುತ್ತದೆ. 1,970 ಫುಟ್-ಪೌಂಡ್‌ಗೆ 1,800 ಸುತ್ತು ಹಾಕಿದರೂ ಅದೇ 675. ಅದೇ 1,970ಕ್ಕೆ 1,600 ಸುತ್ತು ಮಾತ್ರವಿದ್ದರೆ 600 ಅಷ್ಟೇ. ಟಾರ್ಕ್ ಡಯಲ್ಲಿನಲ್ಲಿ 1,865ರಿಂದ 1,970ರವರೆಗೆ ಹಸಿರು ಗೀರುಗಳ ಪಟ್ಟಿ ಏಕಿದೆ ಎಂಬುದು ಇದರಿಂದ ತಿಳಿಯುತ್ತದೆ: ಪ್ರೊಪೆಲರ್ ನಿಧಾನವಾಗಿದ್ದಾಗ ಮಾತ್ರ ಆ ಪಟ್ಟಿಗೆ ಹೋಗಲು ಅನುಮತಿ.

ಮಿತಿಗಳು ಹಲವಿರುವಾಗ ಯಾವುದನ್ನು ಪಾಲಿಸಬೇಕು? ಯಾವುದು ಮೊದಲು ಬರುತ್ತದೋ ಅದನ್ನು. ಸಮುದ್ರಮಟ್ಟದ ಹತ್ತಿರ, ತಂಪಾದ ದಿನದಲ್ಲಿ ಟಾರ್ಕ್ ಮೊದಲು ಕೆಂಪು ಗೆರೆ ಮುಟ್ಟುತ್ತದೆ, ಐಟಿಟಿಗೆ ಇನ್ನೂ ಅವಕಾಶವಿರುತ್ತದೆ. ಎತ್ತರ ಮತ್ತು ಸೆಖೆ ಹೆಚ್ಚಿದಂತೆ ಗಾಳಿ ತೆಳುವಾಗಿ, ಟಾರ್ಕ್ ಪೂರ್ತಿ ಬರುವ ಮೊದಲೇ ಐಟಿಟಿ ಮಿತಿಗೆ ಬಂದು ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಡುವವರು ಐದನೆಯ ವಿಭಾಗದ ಟಾರ್ಕ್ ಕೋಷ್ಟಕವನ್ನು ನೋಡಿ, ಈ ಹೊತ್ತಿಗೆ ಎಷ್ಟು ಟಾರ್ಕ್ ಬರಬೇಕೆಂಬ ಅಂಕಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಎಂಜಿನ್ ಚಾಲೂ ಮಾಡಬೇಕು.

ಹಂತ 4: ದೀಪಗಳ ಬಣ್ಣ ಮತ್ತು ಪರೀಕ್ಷೆ

ಕೆಂಪು ಎಂದರೆ ತಕ್ಷಣ ಗಮನವನ್ನೂ ಬಹುಶಃ ತಕ್ಷಣ ಕ್ರಮವನ್ನೂ ಬೇಡುವ ಸ್ಥಿತಿ. ಹಳದಿ ಎಂದರೆ ಎಚ್ಚರಿಕೆ. ಈಗಲೇ ಅಲ್ಲದಿದ್ದರೂ ಮುಂದೆ ಏನಾದರೂ ಮಾಡಬೇಕಾಗಬಹುದು. ಹಸಿರು ಎಂದರೆ ನೀವು ಹಾಕಿದ ವ್ಯವಸ್ಥೆ ಕೆಲಸ ಮಾಡುತ್ತಿದೆ. ಬ್ಯಾಟರಿ ಹಾಕಿದೊಡನೆ ಹಲವು ದೀಪಗಳು ಹೊತ್ತಿಕೊಳ್ಳುವುದು ಸಹಜ. ಎಂಜಿನ್ ತಿರುಗುತ್ತಿಲ್ಲವಾದ್ದರಿಂದ ಆಯಿಲ್ ಒತ್ತಡವೂ ಇಲ್ಲ, ಜನರೇಟರ್ ಕೂಡ ಇಲ್ಲ. ಹೊತ್ತಬೇಕಾದ ದೀಪ ಹೊತ್ತದಿದ್ದರೆ ಅದೇ ದೋಷ. ಆದ್ದರಿಂದ ಟೆಸ್ಟ್ ಗುಂಡಿಯನ್ನು ಒತ್ತಿ ಪ್ರತಿಯೊಂದು ಚೌಕವೂ ಬೆಳಗುವುದನ್ನು ನೋಡಿ. ಎಲ್ಲವೂ ಬೆಳಗಿದವು ಎಂದು ಒಟ್ಟಾರೆ ಕಣ್ಣಾಡಿಸಿದರೆ ಸಾಲದು, ಸಾಲು ಸಾಲಾಗಿ ನೋಡಬೇಕು. ರಾತ್ರಿ ಹಾರಾಟ ಮುಗಿಸಿದವರು ದೀಪಗಳನ್ನು ಮಂದ ಮಾಡಿಟ್ಟು ಹೋಗಿದ್ದರೆ, ಬೆಳಗಿನ ಬಿಸಿಲಿನಲ್ಲಿ ಹೊತ್ತಿದ ದೀಪವೂ ಕಾಣುವುದಿಲ್ಲ.

ಹಂತ 5: ಎಂಜಿನ್ ಚಾಲನೆ

ಟರ್ಬೈನ್ ಎಂಜಿನ್ನಿಗೆ ಅತಿ ದುಬಾರಿ ಹಾನಿ ಆಗಬಹುದಾದ ಅರ್ಧ ನಿಮಿಷ ಇದು. ಕಣ್ಣಿನ ಕ್ರಮವನ್ನು ಮೊದಲೇ ನಿಶ್ಚಯಿಸಿಕೊಳ್ಳಿ.

ಬ್ಯಾಟರಿ ವೋಲ್ಟೇಜ್ ಕನಿಷ್ಠ 24 ಇರಬೇಕು. ಕಡಿಮೆಯಿದ್ದರೆ ಸ್ಟಾರ್ಟರ್ ಸೋತು ಎನ್‌ಜಿ ಮೇಲೇರದೆ, ಗಾಳಿ ಸಾಲದೆ, ಉಷ್ಣತೆ ಮಾತ್ರ ಏರುತ್ತದೆ. ತುರ್ತು ಪವರ್ ಲೀವರ್ ನಾರ್ಮಲ್‌ನಲ್ಲಿದೆಯೇ ನೋಡಿ. ಅದು ಇಂಧನ ನಿಯಂತ್ರಕವನ್ನು ಬಳಸಿಹೋಗುವ ಅಡ್ಡದಾರಿ. ಅದನ್ನು ಮುಂದಕ್ಕೆ ಸರಿಸಿಟ್ಟು ಚಾಲನೆ ಮಾಡಿದರೆ ಬೇಕಾದ್ದಕ್ಕಿಂತ ಹೆಚ್ಚು ಇಂಧನ ನುಗ್ಗಿ ಐಟಿಟಿ ಮಿತಿ ದಾಟುತ್ತದೆ. ಇದಕ್ಕೆಂದೇ ‘ಎಮರ್ಜೆನ್ಸಿ ಪವರ್ ಲೀವರ್’ ಎಂಬ ಕೆಂಪು ದೀಪವಿದೆ. ಇಂಧನ ಬೂಸ್ಟ್ ಪಂಪ್ ಹಾಕಿದಾಗ ‘ಆಕ್ಸ್ ಫ್ಯೂಯೆಲ್ ಪಂಪ್ ಆನ್’ ಹೊತ್ತಿ, ‘ಫ್ಯೂಯೆಲ್ ಪ್ರೆಸ್ ಲೋ’ ಆರಬೇಕು.

ಈಗ ಸ್ಟಾರ್ಟರ್. ‘ಸ್ಟಾರ್ಟರ್ ಎನರ್ಜೈಸ್ಡ್’ ಮತ್ತು ‘ಇಗ್ನಿಷನ್ ಆನ್’ ದೀಪಗಳು ಹೊತ್ತುತ್ತವೆ, ಆಯಿಲ್ ಒತ್ತಡದ ಮುಳ್ಳು ಅಲುಗಾಡತೊಡಗುತ್ತದೆ, ಎನ್‌ಜಿ ಏರುತ್ತದೆ. ಎನ್‌ಜಿ ಕನಿಷ್ಠ ಶೇ 12 ತಲುಪಿ ನೆಲೆಯಾದ ಮೇಲೆಯೇ ಕಂಡಿಷನ್ ಲೀವರನ್ನು ಲೋ ಐಡಲ್‌ಗೆ ತಂದು ಇಂಧನ ಬಿಡಬೇಕು. ಅವಸರಪಟ್ಟು ಶೇ 9ರಲ್ಲೇ ತಂದರೆ ಬೆಂಕಿ ಹೊತ್ತುತ್ತದೆ, ಆದರೆ ಅದನ್ನು ತಣಿಸುವ ಗಾಳಿ ಇರುವುದಿಲ್ಲ. ಇಂಧನದ ಹರಿವು ಗಂಟೆಗೆ 80ರಿಂದ 110 ಪೌಂಡ್ ತೋರಿಸಬೇಕು. ಅಲ್ಲಿಂದ ಮುಂದೆ ನಿಮ್ಮ ಕಣ್ಣು ಐಟಿಟಿಯ ಮೇಲೆ, ಕೈ ಕಂಡಿಷನ್ ಲೀವರಿನ ಮೇಲೆ. ಸಾಮಾನ್ಯ ಚಾಲನೆಯಲ್ಲಿ ಐಟಿಟಿ ಸರ್ರನೆ ಏರಿ, ಮಿತಿಯ ಕೆಳಗೇ ತಿರುಗಿ, ಎನ್‌ಜಿ ಏರುತ್ತಿದ್ದಂತೆ ಇಳಿಯತೊಡಗುತ್ತದೆ. ಚಾಲನೆಯ ಪರಮಾವಧಿ 1,090 ಡಿಗ್ರಿ, ಅದೂ 2 ಸೆಕೆಂಡ್ ಮಾತ್ರ. ಎನ್‌ಜಿ ಶೇ 52 ತಲುಪಿದ ಮೇಲೆ ಸ್ಟಾರ್ಟರ್ ಆಫ್ ಮಾಡಿ, ಅದರ ದೀಪ ಆರಿದ್ದನ್ನು ಖಚಿತಪಡಿಸಿಕೊಳ್ಳಿ.

ಎಡವುವ ಜಾಗಗಳು ಮೂರು. ಲೀವರ್ ಸರಿಸಿ 10 ಸೆಕೆಂಡಾದರೂ ಐಟಿಟಿ ಅಲುಗದಿದ್ದರೆ ಇಂಧನ ಹೊತ್ತಿಲ್ಲ, ಆದರೆ ಒಳಗೆ ಸೇರುತ್ತಲೇ ಇದೆ ಎಂದರ್ಥ. ಲೀವರನ್ನು ಇಂಧನ ನಿಲ್ಲಿಸುವ ಕಟಾಫ್‌ ಸ್ಥಾನಕ್ಕೆ ತಂದು, ಸ್ಟಾರ್ಟರ್ ನಿಲ್ಲಿಸಿ, ಇಂಧನ ಬಸಿಯಲು ಸಮಯ ಕೊಟ್ಟು, ಕೈಪಿಡಿಯ ಪ್ರಕಾರ ಬರಿದೆ ತಿರುಗಿಸಿ ಒಳಗಿನದನ್ನು ಹೊರಹಾಕಿದ ಮೇಲೆಯೇ ಮರುಪ್ರಯತ್ನ. ಎರಡನೆಯದು ಐಟಿಟಿ ನಿಲ್ಲದೆ 1,090ರ ಕಡೆಗೆ ಓಡುವುದು. ಇಲ್ಲಿ ಹೊಸಬರ ಕೈ ಸ್ಟಾರ್ಟರ್ ಸ್ವಿಚ್ಚಿಗೆ ಹೋಗುತ್ತದೆ, ಅದು ತಪ್ಪು. ಮೊದಲು ಇಂಧನ ಕಟಾಫ್ ಮಾಡಬೇಕು. ಸ್ಟಾರ್ಟರ್ ತಿರುಗುತ್ತಲೇ ಇದ್ದು ಒಳಗಿನ ಬಿಸಿಯನ್ನು ಗಾಳಿ ಹೊರದೂಡಬೇಕು. ಮೂರನೆಯದು ಎನ್‌ಜಿ ಅರ್ಧದಾರಿಯಲ್ಲೇ ನಿಂತುಬಿಡುವುದು. ಇನ್ನೇನು ಏರೀತು ಎಂದು ಕಾಯುತ್ತ ಕೂರಬೇಡಿ, ಇಂಧನ ನಿಲ್ಲಿಸಿ. ಸ್ಟಾರ್ಟರ್‌ಗೂ ವಿರಾಮ ಬೇಕು. ವಿಮಾನದ ಬ್ಯಾಟರಿಯಿಂದಾದರೆ 30 ಸೆಕೆಂಡ್ ಚಾಲೂ, 60 ಸೆಕೆಂಡ್ ವಿರಾಮ, ಮತ್ತೆ 30, ಮತ್ತೆ 60, ಮೂರನೆಯ 30ರ ನಂತರ ಅರ್ಧ ಗಂಟೆ ಬಿಡುವು.

ಹಂತ 6: ಟೇಕಾಫ್ ಮತ್ತು ಹಾರಾಟದಲ್ಲಿ ತಾಳೆ ನೋಡುವುದು

ಟೇಕಾಫ್‌ಗೆ ಪವರ್ ಲೀವರನ್ನು ನಿಧಾನವಾಗಿ ಸರಿಸಿ ಲೆಕ್ಕ ಹಾಕಿಟ್ಟ ಟಾರ್ಕ್‌ಗೆ ತನ್ನಿ. ವೇಗ ಹೆಚ್ಚಿದಂತೆ ಎಂಜಿನ್ನಿಗೆ ನುಗ್ಗುವ ಗಾಳಿಯೂ ಹೆಚ್ಚುವುದರಿಂದ, ಲೀವರ್ ಮುಟ್ಟದಿದ್ದರೂ ಟಾರ್ಕ್ ತುಸು ಏರುತ್ತದೆ. ಮಿತಿಯೊಳಗಿದ್ದರೆ ಅದು ದೋಷವಲ್ಲ. ಮೊದಲೇ ಕೆಂಪು ಗೆರೆಯ ಮೇಲೆಯೇ ಕೂರಿಸಿಟ್ಟವರಿಗೆ ಮಾತ್ರ ತೊಂದರೆ.

ಹಾರಾಟದಲ್ಲಿ ಮುಳ್ಳುಗಳನ್ನು ಗುಂಪಾಗಿ ಓದಿ. ಟಾರ್ಕ್, ಎನ್‌ಜಿ, ಐಟಿಟಿ, ಇಂಧನದ ಹರಿವು ನಾಲ್ಕೂ ಒಟ್ಟಿಗೆ ಬಿದ್ದರೆ ಎಂಜಿನ್ನಿಗೆ ಇಂಧನ ನಿಜಕ್ಕೂ ಕಡಿಮೆಯಾಗಿದೆ. ಇಂಧನ ನಿಯಂತ್ರಕದ ಗಾಳಿಭಾಗ ಕೆಟ್ಟು ಎಂಜಿನ್ ಐಡಲ್ ಮಟ್ಟಕ್ಕೆ ಕುಸಿದಾಗಲೂ ಹೀಗೇ ಆಗುತ್ತದೆ, ತುರ್ತು ಪವರ್ ಲೀವರ್ ಇರುವುದು ಆ ಹೊತ್ತಿಗೆ. ಟಾರ್ಕ್ ಒಂದೇ ಬಿದ್ದು ಉಳಿದ ಮೂರೂ ಕದಲದೆ, ವಿಮಾನದ ವೇಗವೂ ಹಾಗೆಯೇ ಇದ್ದರೆ ಟಾರ್ಕ್ ಮಾಪಕವನ್ನೇ ಅನುಮಾನಿಸಬೇಕು. ಟಾರ್ಕ್ ಇಳಿದು ಐಟಿಟಿ ಏರಿದ್ದರೆ ನೀವು ಇನರ್ಷಿಯಲ್ ಸೆಪರೇಟರ್ ತೆರೆದಿದ್ದೀರಾ ನೋಡಿ. ಧೂಳು, ಹಿಮ ಒಳಗೆ ಹೋಗದಂತೆ ಗಾಳಿಯ ದಾರಿಯನ್ನು ಬಳಸು ಮಾಡುವ ಬಾಗಿಲು ಅದು. ತೆರೆದಾಗ ಎಂಜಿನ್ನಿಗೆ ಸ್ವಲ್ಪ ಉಸಿರು ಕಟ್ಟುತ್ತದೆ. ತೆರೆದಿಲ್ಲದೆಯೂ, ಹಿಂದಿನ ತಿಂಗಳು ಇದೇ ಎತ್ತರ ಮತ್ತು ಇದೇ ಉಷ್ಣತೆಯಲ್ಲಿ ಬೇಕಾಗಿದ್ದಕ್ಕಿಂತ ಹೆಚ್ಚು ಐಟಿಟಿ, ಹೆಚ್ಚು ಎನ್‌ಜಿ, ಹೆಚ್ಚು ಇಂಧನ ಈಗ ಅದೇ ಟಾರ್ಕ್‌ಗೆ ಬೇಕಾಗುತ್ತಿದ್ದರೆ ಕಂಪ್ರೆಸರ್ ಕೊಳೆಯಾಗಿರಬಹುದು, ಗಾಳಿ ಸೋರುತ್ತಿರಬಹುದು ಅಥವಾ ಬಿಸಿಭಾಗ ಸವೆದಿರಬಹುದು. ಪ್ರತಿ ಹಾರಾಟದಲ್ಲೂ ಸಮತಲಕ್ಕೆ ಬಂದ ಮೇಲೆ ಈ ಅಂಕಿಗಳನ್ನು ಬರೆದಿಡುವ ಪದ್ಧತಿ ಬಂದದ್ದು ಇದಕ್ಕಾಗಿ. ಇದನ್ನು ಕಾಟಾಚಾರಕ್ಕೆ ತುಂಬುವ ಕಾಲಂ ಎಂದುಕೊಂಡವರು ಎಂಜಿನ್ ಮೊದಲೇ ಹೇಳಿದ ದೂರನ್ನು ಕೇಳಿಸಿಕೊಳ್ಳದೆ ಹೋಗುತ್ತಾರೆ.

ಹಂತ 7: ದೀಪ ಹೊತ್ತಿದಾಗ

ಮೊದಲು ವಿಮಾನವನ್ನು ಹಾರಿಸುತ್ತಿರಿ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿ ಬಳಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೆಯ ವಿಮಾನದ ಸಿಬ್ಬಂದಿ ಚಕ್ರದ ಸೂಚಕದ ಒಂದು ಸುಟ್ಟ ಬಲ್ಬಿನಲ್ಲಿ ಮುಳುಗಿದ್ದಾಗ, ಆಟೊಪೈಲಟ್ ಎತ್ತರ ಹಿಡಿದಿಡುವುದನ್ನು ಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ವಿಮಾನ ಜೌಗಿಗೆ ಇಳಿದು ನೂರು ಮೀರಿದ ಜನ ಸತ್ತರು. ಆಮೇಲೆ ದೀಪದ ಮೇಲಿನ ಪದಗಳನ್ನು ಪೂರ್ತಿಯಾಗಿ, ಗಟ್ಟಿಯಾಗಿ ಓದಿ. ‘ಲೆಫ್ಟ್ ಫ್ಯೂಯೆಲ್ ಲೋ’ ಮತ್ತು ‘ರಿಸರ್ವಾಯರ್ ಫ್ಯೂಯೆಲ್ ಲೋ’ ಎರಡರಲ್ಲೂ ಇಂಧನ ಕಡಿಮೆ ಎಂದೇ ಇದ್ದರೂ ಮೊದಲನೆಯದು ಎಡ ಟ್ಯಾಂಕ್‌ನಲ್ಲಿ 25 ಗ್ಯಾಲನ್ ಅಥವಾ ಅದಕ್ಕಿಂತ ಕಡಿಮೆ ಉಳಿದಿದೆ ಎನ್ನುವ ಹಳದಿ ಸೂಚನೆ. ಎರಡನೆಯದು ಎಂಜಿನ್ನಿಗೆ ಉಣಿಸುವ ಪುಟ್ಟ ತೊಟ್ಟಿಯೇ ಬರಿದಾಗುತ್ತಿದೆ ಎನ್ನುವ ಕೆಂಪು ಸೂಚನೆ. ಅದಕ್ಕೆ ಟ್ಯಾಂಕ್‌ಗಳ ಹಿಡಿಗಳು ಎರಡೂ ತೆರೆದಿವೆಯೇ ಎಂದು ತಲೆ ಎತ್ತಿ ನೋಡಬೇಕು, ಬೂಸ್ಟ್ ಪಂಪ್ ಹಾಕಬೇಕು. ಯೋಚಿಸುತ್ತ ಕೂರುವ ಸಮಯ ಅದಲ್ಲ. ಮೂರನೆಯದಾಗಿ ಸಂಬಂಧಪಟ್ಟ ಮುಳ್ಳನ್ನು ನೋಡಿ, ಆಮೇಲೆ ಚೆಕ್‌ಲಿಸ್ಟ್ ತೆಗೆಯಿರಿ.

‘ಆಯಿಲ್ ಪ್ರೆಸ್ ಲೋ’ ಹೊತ್ತಿದೆ ಎಂದಿಟ್ಟುಕೊಳ್ಳಿ. ಮುಳ್ಳು 95ರಲ್ಲಿ ನಿಶ್ಚಲವಾಗಿದ್ದು ಆಯಿಲ್ ಉಷ್ಣತೆಯೂ ಸರಿಯಿದ್ದರೆ ದೀಪದ ಸ್ವಿಚ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹತ್ತಿರದ ನಿಲ್ದಾಣದ ಕಡೆ ಕಣ್ಣಿಟ್ಟು ಗಮನಿಸುತ್ತಿರಿ. ಮುಳ್ಳೂ 40ರ ಕೆಳಗೆ ಬಿದ್ದಿದ್ದರೆ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದಂತಾಯಿತು. ಆಗ ಎಂಜಿನ್ ಹೆಚ್ಚು ಹೊತ್ತು ಉಳಿಯದು ಎಂದು ಭಾವಿಸಿ, ಇರುವ ಪವರ್‌ನಲ್ಲಿ ಇಳಿಯುವ ಜಾಗ ಹುಡುಕಬೇಕು.

ವಿದ್ಯುತ್ತಿನದು ಇನ್ನೂ ಸ್ಪಷ್ಟ. ‘ಜನರೇಟರ್ ಆಫ್’ ಒಂದೇ ಹೊತ್ತಿದ್ದು ವೋಲ್ಟ್‌ಮೀಟರ್ 24.5ರ ಮೇಲಿದ್ದರೆ, ಬದಲಿ ಆಲ್ಟರ್ನೇಟರ್ ಇರುವ ವಿಮಾನದಲ್ಲಿ ಭಾರವನ್ನು ಅದು ಹೊತ್ತಿದೆ. ಬೇಡವಾದ ಉಪಕರಣಗಳನ್ನು ಆರಿಸಿ ಮುಂದುವರಿಯಬಹುದು. ಜೊತೆಗೆ ‘ವೋಲ್ಟೇಜ್ ಲೋ’ ಕೂಡ ಹೊತ್ತಿದ್ದರೆ ನೀವು ಬ್ಯಾಟರಿಯ ಮೇಲೆ ಬದುಕುತ್ತಿದ್ದೀರಿ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುವ ವಿಮಾನಗಳಲ್ಲಿ ‘ಬ್ಯಾಟರಿ ಹಾಟ್’ ಎಂಬ ಹಳದಿ ದೀಪ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೂ ‘ಬ್ಯಾಟರಿ ಓವರ್‌ಹೀಟ್’ ಎಂಬ ಕೆಂಪು ದೀಪ ಸುಮಾರು 71ಕ್ಕೂ ಹೊತ್ತುತ್ತವೆ. ಬಿಸಿಯಾದಷ್ಟೂ ಈ ಬ್ಯಾಟರಿ ಹೆಚ್ಚು ವಿದ್ಯುತ್ ಎಳೆದುಕೊಂಡು ಮತ್ತಷ್ಟು ಬಿಸಿಯಾಗುವುದರಿಂದ ಅದಕ್ಕೆ ಚಾರ್ಜ್ ಹೋಗುವುದನ್ನು ನಿಲ್ಲಿಸಬೇಕು. ಬ್ಯಾಟರಿ ಸ್ವಿಚ್ ಆಫ್ ಮಾಡಿದ ಮೇಲೆ ಆಮೀಟರ್ ಸೊನ್ನೆ ತೋರಿಸುತ್ತದೆಯೇ ಎಂದು ನೋಡಿದಾಗಲೇ ಆ ಕೆಲಸ ಮುಗಿದದ್ದು.

ಬೂಸ್ಟ್ ಪಂಪಿನ ಸ್ವಿಚ್ ನಾರ್ಮಲ್‌ನಲ್ಲಿದ್ದಾಗ ಇಂಧನದ ಒತ್ತಡ 4.75 ಪಿಎಸ್‌ಐಗಿಂತ ಕುಸಿದರೆ ಪಂಪು ತಾನಾಗಿ ಚಾಲೂ ಆಗುತ್ತದೆ. ಹಾರಾಟದ ನಡುವೆ ‘ಆಕ್ಸ್ ಫ್ಯೂಯೆಲ್ ಪಂಪ್ ಆನ್’ ಹೊತ್ತಿಕೊಂಡರೆ ಇದು ಬರಿಯ ಪಂಪಿನ ಸುದ್ದಿ ಎಂದು ಕೈಬಿಡಬೇಡಿ. ನೀವು ಹಾಕದೆಯೇ ಅದು ಏಕೆ ಹೊತ್ತಿತು ಎಂಬುದೇ ಅಲ್ಲಿನ ಪ್ರಶ್ನೆ. ಮುಖ್ಯ ಪೂರೈಕೆ ಸೊರಗುತ್ತಿರಬಹುದು.

ಕಿವಿಗೂ ಕೆಲಸವಿದೆ. ಸ್ಟಾಲ್ ಹತ್ತಿರವಾದಾಗ, ವೇಗದ ಮಿತಿ ದಾಟಿದಾಗ, ಟ್ಯಾಂಕ್‌ಗಳ ಹಿಡಿ ಮುಚ್ಚಿದ್ದಾಗ ಬರುವ ಶಬ್ದಗಳು ಬೇರೆ ಬೇರೆ. ನೆಲದ ಮೇಲೆ ಅವನ್ನು ಒಂದೊಂದಾಗಿ ಕೇಳಿಸಿಕೊಳ್ಳಿ.

ಹಂತ 8: ಡಯಲ್ ಬದಲು ಪರದೆ ಇದ್ದರೆ

ಗಾರ್ಮಿನ್ ಜಿ1000 ಅಳವಡಿಸಿದ ಕ್ಯಾರವಾನ್‌ಗಳಲ್ಲಿ ಇದೇ ಅಂಕಿಗಳು ಎರಡು ಮೂರು ಪರದೆಗಳ ಮೇಲೆ ಬರುತ್ತವೆ. ದೀಪಗಳ ಬದಲು ಬಣ್ಣದ ಅಕ್ಷರಗಳ ಸಂದೇಶಗಳ ಪಟ್ಟಿ ಕಾಣಿಸುತ್ತದೆ. ವೇಗ ಮತ್ತು ಎತ್ತರದ ಪಟ್ಟಿಗಳ ಪಕ್ಕದ ಸಣ್ಣ ಗೆರೆ, ಹೀಗೇ ಮುಂದುವರಿದರೆ 6 ಸೆಕೆಂಡಿನ ನಂತರ ಎಲ್ಲಿರುತ್ತೀರಿ ಎಂಬುದನ್ನು ತೋರಿಸುತ್ತದೆ. ಮಾಹಿತಿ ನಂಬಲರ್ಹವಲ್ಲದಾಗ ಆ ಜಾಗದಲ್ಲಿ ಕೆಂಪು ಗುಣಾಕಾರ ಚಿಹ್ನೆ ಬೀಳುತ್ತದೆ. ಇದು ಮುಳ್ಳಿಗಿಂತ ದೊಡ್ಡ ಅನುಕೂಲ, ಏಕೆಂದರೆ ಕೆಟ್ಟ ಮುಳ್ಳು ತಾನು ಕೆಟ್ಟಿದ್ದೇನೆಂದು ಹೇಳುವುದಿಲ್ಲ. ಆದರೆ ಪಿಟೋ ಕೊಳವೆ ಮುಚ್ಚಿದ್ದರೆ ಪರದೆಯೂ ಅಷ್ಟೇ ಅಂದವಾಗಿ ಸುಳ್ಳು ಅಂಕಿಯನ್ನು ತೋರಿಸಬಲ್ಲದು.

ಸಿಮ್ಯುಲೇಟರ್ ಬಳಸುವವರಿಗೆ ಒಂದು ಸೂಚನೆ. 2020ರ ಮೈಕ್ರೊಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿರುವುದು ಗ್ರ್ಯಾಂಡ್ ಕ್ಯಾರವಾನ್ ಇಎಕ್ಸ್. ಅದರ ಎಂಜಿನ್ 867 ಅಶ್ವಶಕ್ತಿಯ ಪಿಟಿ6ಎ-140 ಆಗಿರುವುದರಿಂದ ಮೇಲಿನ ಟಾರ್ಕ್, ಐಟಿಟಿ ಮಿತಿಗಳನ್ನು ಅಲ್ಲಿ ಬಳಸಬೇಡಿ.

ಎಂಜಿನ್ನಿನ ಜಾತಿಯೇ ಬೇರೆಯಾದರೆ ಓದುವ ರೀತಿಯೂ ಬದಲಾಗುತ್ತದೆ. ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುವ ಡಾರ್ನಿಯರ್ 228ರಲ್ಲಿಯೂ, ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಟಿಟಿ-40 ತರಬೇತಿ ವಿಮಾನದಲ್ಲಿಯೂ ಇರುವ ಟಿಪಿಇ331 ಎಂಜಿನ್ನಿನಲ್ಲಿ ಕಂಪ್ರೆಸರ್, ಟರ್ಬೈನ್ ಎಲ್ಲವೂ ಒಂದೇ ದಂಡದ ಮೇಲಿದ್ದು ಗೇರ್ ಮೂಲಕ ಪ್ರೊಪೆಲರಿಗೆ ನೇರವಾಗಿ ಜೋಡಿಸಿರುತ್ತವೆ. ಎಂಜಿನ್ ತಿರುಗಿದರೆ ಪ್ರೊಪೆಲರೂ ತಿರುಗಲೇಬೇಕು, ಆದ್ದರಿಂದ ಅಲ್ಲಿ ಎನ್‌ಜಿ ಎಂಬ ಪ್ರತ್ಯೇಕ ಮುಳ್ಳಿಲ್ಲ, ಒಂದೇ ವೇಗಮಾಪಕ. ಪಿಟಿ6ರಿಂದ ಆ ವಿಮಾನಗಳಿಗೆ ಹೋಗುವವರು ಹಂತ 3ನ್ನೂ ಹಂತ 5ನ್ನೂ ಪಕ್ಕಕ್ಕಿಟ್ಟು, ಆ ಕೈಪಿಡಿಯ ಏಳನೆಯ ವಿಭಾಗದಿಂದ ಮತ್ತೆ ಶುರುಮಾಡಬೇಕು.